ಗಾಲ್ಫ್: ಡ್ರೈವರ್ 200 ಯಾರ್ಡ್ ದಾಟುತ್ತಿಲ್ಲ. ಸ್ವಿಂಗ್ ಸ್ಪೀಡ್ ಜಾಸ್ತಿ ಮಾಡೋದು ಹೇಗೆ?

ಹಲಸೂರು_ಆಲ್‌ರೌಂಡರ್

ಎಲ್ಲರಿಗೂ ನಮಸ್ಕಾರ. ನನಗೆ 46 ವರ್ಷ. ಮೊದಲು ಲೀಗ್ ಕ್ರಿಕೆಟ್ ಆಡುತ್ತಿದ್ದೆ, ಎಡ ಮಂಡಿ ಕೈಕೊಟ್ಟ ಮೇಲೆ ಗಾಲ್ಫ್‌ಗೆ ಬಂದೆ. ಬಲಗೈ ಆಟಗಾರ, ಹ್ಯಾಂಡಿಕ್ಯಾಪ್ 19 (ಕಡಿಮೆ ಇದ್ದಷ್ಟೂ ಆಟ ಚೆನ್ನ). ಗ್ರೀನ್ ಹತ್ತಿರದ ಚಿಪ್ಪಿಂಗ್, ಗುಳಿಗೆ ಉರುಳಿಸುವ ಪಟ್ಟಿಂಗ್ ಪರವಾಗಿಲ್ಲ, ಮಧ್ಯಮ ದೂರದ ಐರನ್ ಕ್ಲಬ್‌ಗಳೂ ಹೆಚ್ಚುಕಡಿಮೆ ನೆಟ್ಟಗೆ ಹೋಗುತ್ತವೆ. ಮೊದಲ ಹೊಡೆತದ ಉದ್ದ ಕ್ಲಬ್ ಡ್ರೈವರ್ ಮಾತ್ರ ಎಷ್ಟೇ ಜೋರಾಗಿ ಬೀಸಿದರೂ ಉರುಳಿದ್ದು ಸೇರಿಸಿ 190ರಲ್ಲಿ ನಿಲ್ಲುತ್ತದೆ, ಅದೂ ಬಲಕ್ಕೆ ತಿರುಗಿಕೊಂಡು.

ರೇಂಜ್‌ನಲ್ಲಿ ಲಾಂಚ್ ಮಾನಿಟರ್ (ಹೊಡೆತ ಅಳೆಯುವ ಯಂತ್ರ) ಮುಂದೆ ನಿಂತು ಅಳೆಸಿಕೊಂಡೆ. ಕ್ಲಬ್ ವೇಗ ಗಂಟೆಗೆ 87 ಮೈಲಿ, ಚೆಂಡಿನ ವೇಗ 121. ಲಾಂಚ್ (ಚೆಂಡು ಏಳುವ ಕೋನ) 9 ಡಿಗ್ರಿ, ಸ್ಪಿನ್ ನಿಮಿಷಕ್ಕೆ 3600 ಸುತ್ತಿನ ಆಸುಪಾಸು, ಅಟ್ಯಾಕ್ ಆಂಗಲ್ (ಕ್ಲಬ್ ಚೆಂಡಿಗೆ ಬರುವ ಕೋನ) ಮೈನಸ್ 4. ಕ್ಯಾರಿ, ಅಂದರೆ ಗಾಳಿಯಲ್ಲಿ ಹೋದ ದೂರ, 175 ಯಾರ್ಡ್. 400 ಯಾರ್ಡಿನ ಪಾರ್ 4 (ನಾಲ್ಕು ಹೊಡೆತದ ಹೋಲ್) ಬಂದರೆ ಎರಡನೇ ಹೊಡೆತಕ್ಕೂ ದೂರ ಹೊಡೆಯುವ ವುಡ್ಡೇ ತೆಗೆಯಬೇಕು, ಆದರೂ ಗುಳಿ ಇರುವ ಗ್ರೀನ್ ಸಿಗುವುದಿಲ್ಲ. ನನ್ನ ಜೊತೆ ಆಡುವವರಲ್ಲಿ ನನಗಿಂತ ತೆಳ್ಳಗಿರುವವರು, ವಯಸ್ಸಾದವರು ಕೂಡ ಆರಾಮಾಗಿ 220 ಹೊಡೆಯುತ್ತಾರೆ. ತೋಳಿನಲ್ಲಿ ಶಕ್ತಿ ಇದೆ, ಹಾಗಾದರೆ ಎಲ್ಲಿ ಸೋರಿಹೋಗುತ್ತಿದೆ? ವೇಗದ ಅಭ್ಯಾಸಕ್ಕೆ ಬೀಸುವ ಸ್ಪೀಡ್ ಸ್ಟಿಕ್ ತರಿಸಲಾ, ಜಿಮ್‌ಗೆ ಸೇರಲಾ, ಕೋಚ್ ಹತ್ತಿರ ಹೋಗಲಾ? ಮೊದಲು ಯಾವುದು ಅಂತ ಹೇಳಿ.

ಬ್ಯಾಕ್‌ನೈನ್_ಮೈಸೂರು

ಸರ್, ನೀವು ಕೇಳಿದ್ದು ಸ್ಪೀಡ್ ಬಗ್ಗೆ, ಆದರೆ ನೀವೇ ಕೊಟ್ಟ ಅಂಕಿಗಳಲ್ಲಿ ಬೇರೆ ಉತ್ತರ ಇದೆ. 121ನ್ನು 87ರಿಂದ ಭಾಗಿಸಿ, 1.39 ಬರುತ್ತದೆ. ಇದೇ ಸ್ಮ್ಯಾಶ್ ಫ್ಯಾಕ್ಟರ್, ಕ್ಲಬ್ಬಿನ ವೇಗ ಚೆಂಡಿಗೆ ಎಷ್ಟು ದಾಟಿತು ಅನ್ನೋ ಲೆಕ್ಕ. ಡ್ರೈವರ್‌ನಲ್ಲಿ ಇದು ಹೆಚ್ಚೆಂದರೆ 1.50ರ ಹತ್ತಿರ ಹೋಗುತ್ತದೆ, ವೃತ್ತಿಪರ ಟೂರ್ ಆಟಗಾರರು 1.48, 1.49ರಲ್ಲಿ ಇರುತ್ತಾರೆ. ಅವರಷ್ಟು ಬೇಡ, 1.46 ಬಂದರೂ ನಿಮ್ಮ ಇದೇ 87 ಮೈಲಿಗೆ ಚೆಂಡು 127ರಲ್ಲಿ ಹೊರಡುತ್ತದೆ. ಚೆಂಡಿನ ವೇಗ ಒಂದು ಮೈಲಿ ಏರಿದರೆ ಹತ್ತಿರ ಹತ್ತಿರ 2 ಯಾರ್ಡ್. ಅಂದರೆ ಒಂದು ಚೂರೂ ಜೋರಾಗಿ ಬೀಸದೆ ಹತ್ತು ಹನ್ನೆರಡು ಯಾರ್ಡ್ ನಿಮ್ಮದೇ.

ಇನ್ನೊಂದು, ಇದು ಮೊದಲನೆಯದಕ್ಕಿಂತ ದೊಡ್ಡದು. ಮೈನಸ್ 4 ಅಂದರೆ ನೀವು ಡ್ರೈವರನ್ನು ಮೇಲಿನಿಂದ ಕೆಳಕ್ಕೆ ಹೊಡೆಯುತ್ತಿದ್ದೀರಿ. ಐರನ್‌ಗೆ ಅದು ಸರಿ, ಚೆಂಡು ನೆಲದ ಮೇಲಿರುತ್ತದೆ. ಡ್ರೈವರ್‌ಗೆ ಟೀ ಇದೆ, ಚೆಂಡು ಆ ಚಿಕ್ಕ ಗೂಟದ ಮೇಲೆ ಕೂತಿರುತ್ತದೆ. 90 ಮೈಲಿ ಆಸುಪಾಸಿನಲ್ಲಿ ಬೀಸುವವರಿಗೆ ಮೈನಸ್ 5ರಿಂದ ಪ್ಲಸ್ 5ಕ್ಕೆ ಬಂದರೆ ಕ್ಯಾರಿಯಲ್ಲೇ ಸುಮಾರು 20 ಯಾರ್ಡ್ ವ್ಯತ್ಯಾಸ ಆಗುತ್ತದೆ. ವೇಗ ಅದೇ.

ಇದು ಕ್ರಿಕೆಟ್‌ನಿಂದ ಬಂದ ಬಹಳ ಜನರಲ್ಲಿ ನೋಡಿದ್ದೇನೆ. ಅಲ್ಲಿ ಡ್ರೈವ್ ಹೇಳಿಕೊಡುವಾಗ ಏನು ಹೇಳುತ್ತಾರೆ? ಮುಂಗಾಲು ಚೆಂಡಿನ ಹತ್ತಿರ ಹೋಗಲಿ, ತಲೆ ಚೆಂಡಿನ ಮೇಲೆ ಬರಲಿ, ನೆಲದಲ್ಲೇ ಆಡು. ಇಲ್ಲೂ ಭಾರ ಎಡಗಾಲಿಗೆ ಹೋಗಲೇಬೇಕು, ಆದರೆ ತಲೆ ಮಾತ್ರ ಚೆಂಡಿನ ಹಿಂದೆ ಉಳಿಯಬೇಕು. ನೀವು ತಲೆಯನ್ನೂ ಭುಜವನ್ನೂ ಜೊತೆಗೇ ಮುಂದಕ್ಕೆ ತೆಗೆದುಕೊಂಡು ಹೋಗುತ್ತಿರಬೇಕು. ಆಗ ಕ್ಲಬ್ ಮೇಲಿನಿಂದಲೇ ಬರುತ್ತದೆ, ಹೊರಗಿನಿಂದ ಒಳಕ್ಕೆ ಕೊಯ್ಯುತ್ತದೆ. ಬಲಕ್ಕೆ ತಿರುಗುವ ಸ್ಲೈಸೂ ಅಲ್ಲೇ ಹುಟ್ಟೋದು, 3600 ಸ್ಪಿನ್ನೂ ಅಲ್ಲೇ ಹುಟ್ಟೋದು.

ಮಾಡಬೇಕಾದ್ದು ಇಷ್ಟು. ಚೆಂಡು ಎಡ ಹಿಮ್ಮಡಿಯ ಒಳಗಡೆ ನೇರಕ್ಕೆ ಇರಲಿ. ಡ್ರೈವರ್ ನೆಲದ ಮೇಲೆ ಇಟ್ಟಾಗ ಚೆಂಡಿನ ಅರ್ಧ ಭಾಗ ಕ್ಲಬ್‌ನ ನೆತ್ತಿಗಿಂತ ಮೇಲೆ ಕಾಣಬೇಕು, ಟೀ ಅಷ್ಟು ಎತ್ತರ. ನಿಂತುಕೊಂಡ ಮೇಲೆ ಬಲಭುಜ ಎಡಭುಜಕ್ಕಿಂತ ಸ್ವಲ್ಪ ಕೆಳಗಿರಲಿ. ಮತ್ತೆ ವೈಟ್‌ಬೋರ್ಡ್ ಮಾರ್ಕರ್‌ನಲ್ಲಿ ಚೆಂಡಿನ ಹಿಂಬದಿಗೆ ದಪ್ಪ ಚುಕ್ಕೆ ಇಟ್ಟು ಹೊಡೆಯಿರಿ. ಆ ಚುಕ್ಕೆ ಕ್ಲಬ್‌ನ ಫೇಸ್ (ಚೆಂಡು ತಾಗುವ ಮುಖ) ಮೇಲೆ ಎಲ್ಲಿ ಮೂಡುತ್ತದೆ ಅಂತ ನೋಡಿ ಇಲ್ಲಿ ಬರೆಯಿರಿ. ಇಷ್ಟು ಮಾಡುವವರೆಗೆ ಸ್ಟಿಕ್ಕೂ ಬೇಡ, ಏನೂ ಬೇಡ.

ಎಡಗೈ_ಡ್ರಾ

ಬ್ಯಾಕ್‌ನೈನ್ ಹೇಳಿದ್ದು ಸರಿ, ಆದರೆ ಕೊನೇ ಸಾಲನ್ನು ಒಪ್ಪುವುದಿಲ್ಲ. "ಮೊದಲು ನೆಟ್ಟಗೆ ಹೊಡಿ, ಆಮೇಲೆ ಜೋರಾಗಿ ಹೊಡಿ" ಅನ್ನೋ ಮಾತು ಕೇಳಿಕೊಂಡು ಎಷ್ಟೋ ಜನ ವರ್ಷಗಟ್ಟಲೆ ಒಂದೇ ವೇಗದಲ್ಲಿ ಉಳಿದುಬಿಡುತ್ತಾರೆ. ವೇಗ ಅನ್ನೋದು ಬೇರೆಯೇ ಕೆಲಸ, ಬೇರೆ ಹೊತ್ತಿನಲ್ಲಿ ಅದನ್ನೇ ಅಂತ ಮಾಡಬೇಕು. ಇಂಗ್ಲೆಂಡಿನ ಗಾಲ್ಫರ್ ಮ್ಯಾಟ್ ಫಿಟ್ಜ್‌ಪ್ಯಾಟ್ರಿಕ್ ನೋಡಿ. ಟೂರ್‌ಗೆ ಬಂದಾಗ ಕರಾರುವಾಕ್ಕಾಗಿ ಆಡುವವನು, ಆದರೆ ಉದ್ದ ಹೊಡೆಯುವವರ ಸಾಲಿನಲ್ಲಿ ಇರಲಿಲ್ಲ. ತೂಕ ಬದಲಾಯಿಸಬಹುದಾದ ಕೋಲಿನಲ್ಲಿ, ದಿನದ ಲೆಕ್ಕ ಇಟ್ಟುಕೊಂಡು ವೇಗದ ಅಭ್ಯಾಸ ಮಾಡಿದ. 2022ರಲ್ಲಿ ಬ್ರೂಕ್‌ಲೈನ್‌ನಲ್ಲಿ ಯುಎಸ್ ಓಪನ್ ಗೆದ್ದಾಗ ಅವನ ಡ್ರೈವರ್ ಬಗ್ಗೆಯೇ ಎಲ್ಲರೂ ಮಾತಾಡಿದರು. ಅಷ್ಟು ಚೆನ್ನಾಗಿ ಹೊಡೆಯುವವನೇ ವೇಗಕ್ಕೆ ಅಂತ ಸಮಯ ಇಟ್ಟ ಅಂದಮೇಲೆ ನಮಗೆ ಬೇಡವಾ?

ಕ್ಲಬ್ ವೇಗ ಒಂದು ಮೈಲಿ ಏರಿದರೆ ಎರಡೂವರೆ ಯಾರ್ಡ್ ಅಂತ ಇಟ್ಟುಕೊಳ್ಳಿ. ನಮ್ಮಂಥವರಿಗೆ ಐದಾರು ಮೈಲಿ ಏರಿಸಿಕೊಳ್ಳುವುದು ಆಗದ ಮಾತಲ್ಲ. ಹೇಗೆ ಅಂದರೆ: ಮೈ ಚೆನ್ನಾಗಿ ಬಿಸಿಯಾದ ಮೇಲೆ, ಚೆಂಡಿಲ್ಲದೆ, ಪೂರ್ತಿ ಜೋರಾಗಿ ಬೀಸಿ. ಪೂರ್ತಿ ಅಂದರೆ ಪೂರ್ತಿ, ರೇಂಜ್‌ನಲ್ಲಿ ಬೀಸುವ ಮುಕ್ಕಾಲು ಜೋರು ಅಲ್ಲ. ಒಂದು ಸೆಟ್‌ಗೆ ನಾಲ್ಕೈದು ಸಾಕು. ಆಮೇಲೆ ಎರಡು ಮೂರು ನಿಮಿಷ ಸುಮ್ನೆ ಕೂತ್ಕೊಳ್ಳಿ. ಆ ವಿಶ್ರಾಂತಿ ಬಿಟ್ಟರೆ ಅದು ವೇಗದ ಅಭ್ಯಾಸ ಆಗುವುದಿಲ್ಲ, ಬರೀ ಸುಸ್ತಿನ ಅಭ್ಯಾಸ ಆಗುತ್ತದೆ. ವಾರಕ್ಕೆ ಎರಡು ಮೂರು ದಿನ, ಮಧ್ಯೆ ಒಂದು ದಿನ ಬಿಡುವು.

ಕೋಲು ಕೊಂಡುಕೊಳ್ಳೋದು ಕಡ್ಡಾಯ ಅಲ್ಲ. ಮಾರುಕಟ್ಟೆಯಲ್ಲಿ ಸಿಗುವ ಮೂರು ಕೋಲಿನ ಸೆಟ್‌ನಲ್ಲಿ ಒಂದು ಡ್ರೈವರ್‌ಗಿಂತ 20 ಶೇಕಡಾ ಹಗುರ, ಇನ್ನೊಂದು 10 ಶೇಕಡಾ ಹಗುರ, ಮೂರನೆಯದು 5 ಶೇಕಡಾ ಭಾರ. ಡ್ರೈವರನ್ನೇ ತಲೆಕೆಳಗಾಗಿ ಹಿಡಿದು ಶಾಫ್ಟ್ (ಕ್ಲಬ್ಬಿನ ಉದ್ದ ದಂಡ) ಬೀಸಿದರೂ ಹಗುರ ಕೋಲಿನ ಕೆಲಸ ಆಗುತ್ತದೆ, ಸುಂಯ್ ಅನ್ನೋ ಸದ್ದು ಚೆಂಡಿರುವ ಜಾಗ ದಾಟಿದ ಮೇಲೆ ಕೇಳಿಸಬೇಕು. ನಿಮಗೆ ಭುಜದ ಹತ್ತಿರವೇ ಕೇಳಿಸಿದರೆ ಮಣಿಕಟ್ಟು ಬೇಗ ಬಿಚ್ಚಿಕೊಳ್ಳುತ್ತಿದೆ ಅಂತ ಅರ್ಥ. ಚಿಕ್ಕ ರಾಡಾರ್ ಒಂದನ್ನು ಮಾತ್ರ ಯಾರಿಂದಾದರೂ ಎರವಲು ತಂದಾದರೂ ಇಟ್ಟುಕೊಳ್ಳಿ. ಎದುರಿಗೆ ಅಂಕಿ ಕಂಡಾಗ ಮೈ ತಾನಾಗಿ ಇನ್ನೂ ಜೋರು ಮಾಡುತ್ತದೆ. ನನ್ನ ಅಭಿಪ್ರಾಯದಲ್ಲಿ ಕೋಲಿನ ತೂಕಕ್ಕಿಂತ ಕೆಲಸ ಮಾಡೋದು ಅದೇ.

ಬ್ಯಾಕ್‌ಸ್ವಿಂಗ್ ಬಗ್ಗೆ ಒಂದು ಮಾತು. ಬ್ಯಾಟ್ ಹಿಡಿದವರ ಬ್ಯಾಕ್‌ಸ್ವಿಂಗ್ ಗಿಡ್ಡ ಇರುತ್ತದೆ, ಅಲ್ಲಿ ಬೌಲರ್ ಕಾಯುವುದಿಲ್ಲವಲ್ಲ. ಇಲ್ಲಿ ಚೆಂಡು ಟೀ ಮೇಲೆ ಕೂತಿದೆ, ಆತುರ ಏನೂ ಇಲ್ಲ. ಕೈ ಎಷ್ಟು ಉದ್ದದ ದಾರಿಯಲ್ಲಿ ಬರುತ್ತದೋ ಅಷ್ಟು ಹೊತ್ತು ಕ್ಲಬ್ ಮೇಲೆ ಬಲ ಹಾಕಬಹುದು. ಸೊಂಟ ಬಿಗಿಹಿಡಿದು ಭುಜ ಮಾತ್ರ ತಿರುಗಿಸಿ ಅಂತ ಹೇಳುವವರ ಮಾತು ಬಿಡಿ. ಸೊಂಟ ತಿರುಗಲಿ, ಎಡ ಹಿಮ್ಮಡಿ ನೆಲ ಬಿಟ್ಟು ಏಳಲಿ. ಜಾಕ್ ನಿಕ್ಲಾಸ್ ಹಿಮ್ಮಡಿ ಎತ್ತಿಯೇ 18 ಮೇಜರ್ (ಅತಿ ದೊಡ್ಡ ಟೂರ್ನಿಗಳು) ಗೆದ್ದದ್ದು.

ಫಿಸಿಯೋ_ಶಿವಮೊಗ್ಗ

ಇಬ್ಬರ ಮಾತೂ ಓದಿದೆ. ನಾನು ಫಿಸಿಯೋಥೆರಪಿಸ್ಟ್, ನನ್ನ ಹತ್ತಿರ ಬರುವವರಲ್ಲಿ ಗಾಲ್ಫ್ ಆಡುವವರೂ ಇದ್ದಾರೆ, ಬಹುಪಾಲು ಸೊಂಟ ಇಲ್ಲಾ ಮೊಣಕೈ ನೋವು. ಎಡಗೈ_ಡ್ರಾ ಅವರೇ, 46 ವರ್ಷದ, ಮಂಡಿ ಪೆಟ್ಟಾಗಿರುವ ಮನುಷ್ಯನಿಗೆ ಮೊದಲ ದಿನವೇ ಪೂರ್ತಿ ಜೋರಾಗಿ ಬೀಸಿ ಅನ್ನುವ ಮೊದಲು ಒಂದಿಷ್ಟು ವಾರ ಮೈ ತಯಾರಿ ಬೇಕು.

ಆಲ್‌ರೌಂಡರ್ ಸರ್, ತೋಳಿನಲ್ಲಿ ಶಕ್ತಿ ಇದೆ ಅಂದಿರಿ. ತೋಳು ಕೊನೆಯ ಕೊಂಡಿ ಅಷ್ಟೆ. ಕೆಳಗೆ ಬರುವಾಗ ಮೊದಲು ಸೊಂಟ ತಿರುಗುತ್ತದೆ, ಅದು ನಿಧಾನ ಆಗುತ್ತಿದ್ದ ಹಾಗೆ ಎದೆ, ಆಮೇಲೆ ತೋಳು, ಕೊನೆಗೆ ಕ್ಲಬ್. ಚಾಟಿ ಬೀಸಿದ ಹಾಗೆ, ಹಿಡಿಯಲ್ಲಿ ಶುರುವಾದದ್ದು ತುದಿಯಲ್ಲಿ ಸಿಡಿಯಬೇಕು. ಸೊಂಟವೇ ತಿರುಗದಿದ್ದರೆ ತೋಳು ಮೊದಲೇ ಓಡಿಬಿಡುತ್ತದೆ, ತುದಿಗೆ ಏನೂ ಉಳಿಯುವುದಿಲ್ಲ. ರೋರಿ ಮೆಕಿಲ್‌ರಾಯ್ ಎತ್ತರ 5 ಅಡಿ 9 ಇಂಚು. 2023ರಲ್ಲಿ ಅಮೆರಿಕದ ಗಂಡಸರ ಪಿಜಿಎ ಟೂರ್‌ನಲ್ಲಿ ಸರಾಸರಿ ಡ್ರೈವ್ ಉದ್ದದಲ್ಲಿ ಅವನೇ ಮೊದಲು, 326 ಯಾರ್ಡ್. ಅದು ತೋಳಿನ ಬಲದಿಂದ ಬಂದದ್ದಲ್ಲ, ಎಡಗಾಲಿನಿಂದ ನೆಲವನ್ನು ಒತ್ತಿ ಮೇಲಕ್ಕೆ ಏಳುವ ರೀತಿ ನೋಡಿ.

ಮನೆಯಲ್ಲಿ ಎರಡು ಪರೀಕ್ಷೆ ಮಾಡಿ. ಕುರ್ಚಿಯಲ್ಲಿ ಮಂಡಿ ಜೋಡಿಸಿ ಕೂತು, ಕೈ ಎದೆ ಮೇಲೆ ಕಟ್ಟಿ, ಸೊಂಟ ಅಲ್ಲಾಡಿಸದೆ ಎದೆ ತಿರುಗಿಸಿ. ಎರಡೂ ಕಡೆ 45 ಡಿಗ್ರಿ ಬರಬೇಕು. ಕಂಪ್ಯೂಟರ್ ಮುಂದೆ ಕೂರುವವರಲ್ಲಿ ಬಹಳ ಜನರಿಗೆ ಬರುವುದಿಲ್ಲ. ಆಮೇಲೆ ಬೋರಲು ಮಲಗಿ, ಮಂಡಿ ಮಡಚಿ ಪಾದ ಮೇಲಕ್ಕೆ ಮಾಡಿ, ಪಾದವನ್ನು ಹೊರಕ್ಕೆ ಬಿಡಿ. ಎರಡೂ ಕಾಲು ಸಮನಾಗಿ ಬೀಳುತ್ತವಾ? ಎಡ ಸೊಂಟದ ಕೀಲು ಒಳಕ್ಕೆ ತಿರುಗದಿದ್ದರೆ ಆ ತಿರುವನ್ನೆಲ್ಲ ಕೆಳಬೆನ್ನು ಮತ್ತೆ ಮಂಡಿ ಹೊರಬೇಕಾಗುತ್ತದೆ. ನಿಮ್ಮ ಮಂಡಿಗೆ ಇದೇ ಅಪಾಯ. ಅದಕ್ಕೆ ಸುಲಭ ಪರಿಹಾರ ಒಂದಿದೆ, ನಿಲ್ಲುವಾಗಲೇ ಎಡ ಪಾದವನ್ನು ಗುರಿ ಕಡೆಗೆ 25-30 ಡಿಗ್ರಿ ಹೊರಕ್ಕೆ ತಿರುಗಿಸಿ ನಿಲ್ಲಿ. ಹಿಮ್ಮಡಿ ಎತ್ತುವ ಸಲಹೆ ಕೂಡ ನಿಮಗೆ ಒಳ್ಳೆಯದೇ.

ಜಿಮ್ ವಿಷಯ. ಬೈಸೆಪ್ಸ್ ಬಿಡಿ. ಕಾಲಿಗೆ ಸ್ಕ್ವಾಟ್, ಡೆಡ್‌ಲಿಫ್ಟ್, ಹಗುರದಿಂದ ಶುರುಮಾಡಿ ಮಂಡಿ ಒಪ್ಪಿದಷ್ಟೇ ಆಳಕ್ಕೆ. ಬೆನ್ನಿಗೆ ರೋಯಿಂಗ್. ಶಕ್ತಿ ಸ್ವಲ್ಪ ಬಂದಮೇಲೆ ಮೆಡಿಸಿನ್ ಬಾಲ್ ತೆಗೆದುಕೊಂಡು ಪಕ್ಕಕ್ಕೆ ತಿರುಗಿ ಗೋಡೆಗೆ ಎಸೆಯಿರಿ, ಎರಡು ಮೂರು ಕೆಜಿ ಸಾಕು, ಎಸೆತ ಮಾತ್ರ ಜೋರಾಗಿರಬೇಕು. ಎರಡೂ ಕಡೆ ಎಸೆಯಿರಿ. 40 ದಾಟಿದ ಮೇಲೆ ನಾವು ಬಲಕ್ಕಿಂತ ಬೇಗ ಕಳೆದುಕೊಳ್ಳುವುದು ಚುರುಕನ್ನು, ಅದಕ್ಕೇ ಈ ಎಸೆತ. ಬೀಸುವಾಗ ಸೊಂಟ ಚುಳುಕ್ ಅಂದರೆ ಅವತ್ತಿಗೆ ನಿಲ್ಲಿಸಿ. ಬ್ರೈಸನ್ ಡಿಶಾಂಬೊ 2020ರಲ್ಲಿ ತೂಕ ಏರಿಸಿಕೊಂಡು ಯುಎಸ್ ಓಪನ್ ಗೆದ್ದ ಅಂತ ಅದೇ ದಾರಿ ಹಿಡಿದು ಬಂದವರನ್ನು ನೋಡಿದ್ದೇನೆ, ದಯವಿಟ್ಟು ಬೇಡ. ಅವನಿಗೆ ಅದೇ ಕೆಲಸ, ಅವನ ಸುತ್ತ ನೋಡಿಕೊಳ್ಳುವವರು ಇದ್ದಾರೆ.

ಹಲಸೂರು_ಆಲ್‌ರೌಂಡರ್

ಇಷ್ಟು ವಿವರವಾಗಿ ಬರೆದಿದ್ದಕ್ಕೆ ಎಲ್ಲರಿಗೂ ಥ್ಯಾಂಕ್ಸ್. ಚುಕ್ಕೆ ಪರೀಕ್ಷೆ ಮಾಡಿದೆ. ಬಹುಪಾಲು ಹೀಲ್ (ಶಾಫ್ಟ್ ಸೇರುವ ಬದಿ) ಕಡೆ, ಅದೂ ಕೆಳಗೆ. ಟೀ ಎತ್ತರಿಸಿ, ಚೆಂಡು ಮುಂದಿಟ್ಟು ಹೊಡೆದಾಗ ಕೆಲವು ಮಧ್ಯಕ್ಕೆ ಬಂದವು, ಆ ಹೊಡೆತಗಳ ಸದ್ದೇ ಬೇರೆ. ಎದೆ ತಿರುಗಿಸುವ ಪರೀಕ್ಷೆಯಲ್ಲಿ ಬಲಕ್ಕೆ ಪರವಾಗಿಲ್ಲ, ಎಡಕ್ಕೆ ಅರ್ಧವೂ ಬರಲಿಲ್ಲ.

ಇನ್ನೆರಡು ಪ್ರಶ್ನೆ. ನನ್ನ ಡ್ರೈವರ್‌ನ ಲಾಫ್ಟ್ (ಫೇಸ್ ಹಿಂದಕ್ಕೆ ವಾಲಿರುವ ಕೋನ) 9 ಡಿಗ್ರಿ, ಸ್ಟಿಫ್ ಅಂದರೆ ಬಿಗಿ ಶಾಫ್ಟ್. ಕ್ರಿಕೆಟ್ ಆಡಿದ ಕೈ, ನಿಮಗೆ ಇದೇ ಸರಿ ಅಂತ ಅಂಗಡಿಯವರು ಕೊಟ್ಟಿದ್ದು. ಬದಲಾಯಿಸಬೇಕಾ? ಇನ್ನೊಂದು, ಕ್ಯಾಡಿ (ಕ್ಲಬ್ ಚೀಲ ಹೊರುವವನು) ಪ್ರತಿ ಹೋಲ್‌ನಲ್ಲೂ "ತಲೆ ಎತ್ತಬೇಡಿ ಸರ್" ಅನ್ನುತ್ತಾನೆ. ತಲೆ ಹಿಡಿದು ನಿಂತರೆ ತಿರುಗೋದಕ್ಕೇ ಆಗೋದಿಲ್ಲ.

ಬಿಡದಿ_ಬೋಗಿ

ಡ್ರೈವರ್ ಬಗ್ಗೆ ನಾನು ಹೇಳುತ್ತೇನೆ. 87 ಮೈಲಿಗೆ 9 ಡಿಗ್ರಿ ಬಹಳ ಕಡಿಮೆ ಲಾಫ್ಟ್, ಅದರಲ್ಲೂ ಕೆಳಕ್ಕೆ ಹೊಡೆಯುವವರಿಗೆ. 10.5 ಅಥವಾ 12 ಬೇಕು. ಕಡಿಮೆ ಲಾಫ್ಟ್ ಅಂದರೆ ಉದ್ದ ಹೋಗುತ್ತದೆ ಅಂತ ನಂಬಿರುವವರು ಇನ್ನೂ ಬಹಳ ಇದ್ದಾರೆ. ನಮ್ಮ ವೇಗಕ್ಕೆ ಚೆಂಡು 13-15 ಡಿಗ್ರಿಯಲ್ಲಿ ಎದ್ದು, ಸ್ಪಿನ್ 2500ರ ಹತ್ತಿರ ಇದ್ದರೆ ಗಾಳಿಯಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ. ಹಾಗಂತ ಹೊಸದಕ್ಕೆ ದುಡ್ಡು ಹಾಕಬೇಡಿ. ಈಗಿನ ಡ್ರೈವರ್‌ಗಳಲ್ಲಿ ಶಾಫ್ಟ್ ಸೇರುವ ಜಾಗದಲ್ಲಿ ಸ್ಕ್ರೂ ಇರುತ್ತದೆ, ಕೀ ಹಾಕಿ ತಿರುಗಿಸಿದರೆ ಒಂದೂವರೆ ಡಿಗ್ರಿವರೆಗೆ ಲಾಫ್ಟ್ ಏರಿಸಬಹುದು. ಏರಿಸಿದಾಗ ಫೇಸ್ ಸ್ವಲ್ಪ ಮುಚ್ಚಿಕೊಳ್ಳುತ್ತದೆ, ನಿಮ್ಮ ಸ್ಲೈಸ್‌ಗೂ ಅದು ಒಳ್ಳೆಯದೇ.

ಸ್ಟಿಫ್ ಸಾಮಾನ್ಯವಾಗಿ 95 ಮೈಲಿ ಮೇಲಿನವರಿಗೆ. ಅಷ್ಟು ಬಿಗಿ ಇಲ್ಲದ ರೆಗ್ಯುಲರ್ ಹಿಡಿದು ನೋಡಿ, ಆದರೆ ಅದರಿಂದ ಪವಾಡ ಆಗುತ್ತದೆ ಅಂತ ಅಂದುಕೊಳ್ಳಬೇಡಿ. ನನಗೆ ಕಂಡ ಹಾಗೆ ಬಿಗಿ ಎಷ್ಟಿದೆ ಅನ್ನೋದಕ್ಕಿಂತ ಶಾಫ್ಟ್‌ನ ತೂಕ ಮತ್ತೆ ಉದ್ದವೇ ಜಾಸ್ತಿ ವ್ಯತ್ಯಾಸ ಮಾಡುತ್ತವೆ. ನಿಯಮದಲ್ಲಿ 48 ಇಂಚಿನವರೆಗೆ ಅವಕಾಶ ಇದೆ, ಟೂರ್‌ಗಳು 2022ರಿಂದ 46ಕ್ಕೆ ಇಳಿಸಿಕೊಂಡಿವೆ. ಅಂಗಡಿಯಲ್ಲಿ ಸಿಗೋದು ಹೆಚ್ಚಾಗಿ 45 ಮುಕ್ಕಾಲರ ಆಸುಪಾಸು. ನೀವು ಹಿಡಿಯನ್ನು ಒಂದು ಇಂಚು ಕೆಳಗೆ ಹಿಡಿದು ಹೊಡೆಯಿರಿ. ವೇಗ ಚೂರು ಇಳಿಯಬಹುದು, ಮಧ್ಯಕ್ಕೆ ತಾಗುವುದು ಹೆಚ್ಚಾಗುತ್ತದೆ. ನಿಮ್ಮ ಸದ್ಯದ ಸ್ಥಿತಿಯಲ್ಲಿ ಅದು ಲಾಭದ ವ್ಯಾಪಾರ. ಹೀಲ್ ಮತ್ತು ಕೆಳಗೆ ತಾಗಿದಾಗ ಎರಡು ನಷ್ಟ ಒಟ್ಟಿಗೇ ಆಗುತ್ತವೆ, ವೇಗವೂ ಹೋಗುತ್ತದೆ, ಸ್ಪಿನ್ನೂ ಏರುತ್ತದೆ.

ಕಾಫಿತೋಟದ_ಪಾರ್

ಆಲ್‌ರೌಂಡರ್ ಅವರೇ, ನೀವು ನೋಡಬೇಕಾದದ್ದು ಪಿಜಿಎ ಟೂರ್ ಅಲ್ಲ, ಹೆಂಗಸರ ಎಲ್‌ಪಿಜಿಎ. ಗಂಡಸರ ಟೂರ್‌ನಲ್ಲಿ ಸರಾಸರಿ ಕ್ಲಬ್ ವೇಗ 113-115 ಮೈಲಿ, ಅದನ್ನು ನೋಡಿ ನಾವು ಕಲಿಯುವುದು ಕಡಿಮೆ. ಹೆಂಗಸರ ಟೂರ್‌ನಲ್ಲಿ ಸರಾಸರಿ ಸುಮಾರು 94. ನಿಮಗಿಂತ ಏಳು ಮೈಲಿ ಮಾತ್ರ ಹೆಚ್ಚು, ಆದರೆ ಕ್ಯಾರಿ 220ರ ಹತ್ತಿರ. ಏಳು ಮೈಲಿಗೆ ನಲವತ್ತೈದು ಯಾರ್ಡ್ ಬರುವುದಿಲ್ಲ ಅಲ್ವಾ? ಉಳಿದದ್ದೆಲ್ಲ ಮಧ್ಯಕ್ಕೆ ತಾಗಿಸುವುದು, ಮೇಲ್ಮುಖವಾಗಿ ಹೊಡೆಯುವುದು. ಅವರ ಸರಾಸರಿ ಅಟ್ಯಾಕ್ ಆಂಗಲ್ ಪ್ಲಸ್ 3ರ ಹತ್ತಿರ ಇದೆ. ಅವರು ತಲೆ ಎಲ್ಲಿ ಇಟ್ಟಿರುತ್ತಾರೆ, ಬಲಭುಜ ಎಷ್ಟು ಕೆಳಗಿರುತ್ತದೆ ಅಂತ ನಿಧಾನಗತಿಯ ವಿಡಿಯೋ ಹಾಕಿಕೊಂಡು ನೋಡಿ.

ನಾನು ವಿರಾಜಪೇಟೆ ಕಡೆಯವಳು, ನನ್ನ ವೇಗ 78. ಪುರುಷರ ಜೊತೆಯೇ ಆಡುತ್ತೇನೆ. ಉದ್ದಕ್ಕಾಗಿ ಆಸೆ ಪಡಬೇಡಿ ಅಂತ ಹೇಳಲ್ಲ, ನನಗೂ ಆ ಆಸೆ ಇದೆ. ಆದರೆ ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಆಡಿದ್ದನ್ನು ನಾನು ಮರೆಯುವುದಿಲ್ಲ. ಆ ಕಣದಲ್ಲಿ ತೀರಾ ಕಡಿಮೆ ದೂರ ಹೊಡೆಯುತ್ತಿದ್ದವರಲ್ಲಿ ಅವಳೂ ಒಬ್ಬಳು. ಎದುರಿಗಿದ್ದವರು ಚಿಕ್ಕ ಐರನ್ ತೆಗೆಯುವ ಕಡೆ ಅವಳು ದೂರ ಹೊಡೆಯುವ ಹೈಬ್ರಿಡ್ ಕ್ಲಬ್ ತೆಗೆದು ಗ್ರೀನ್ ಮೇಲೆ ಇಳಿಸುತ್ತಿದ್ದಳು, ಆಮೇಲೆ ಪಟರ್. ಒಂದೇ ಒಂದು ಹೊಡೆತದಲ್ಲಿ ಪದಕ ತಪ್ಪಿ ನಾಲ್ಕನೇ ಸ್ಥಾನ. ಆ ವಾರ ನಮ್ಮ ಕಡೆ ಗಾಲ್ಫ್ ಅಂದರೆ ಏನೆಂದು ಗೊತ್ತಿಲ್ಲದವರೂ ಬೆಳಿಗ್ಗೆ ಎದ್ದು ನೋಡಿದರು. ನೀವು ಸ್ಪೀಡ್‌ಗೆ ಕೆಲಸ ಮಾಡುವ ತಿಂಗಳುಗಳಲ್ಲಿ ಹೈಬ್ರಿಡ್ ಅಭ್ಯಾಸ ಬಿಡಬೇಡಿ, 400 ಯಾರ್ಡಿನ ಹೋಲ್‌ನಲ್ಲಿ ಸ್ಕೋರ್ ಉಳಿಸುವುದು ಅದೇ.

ಕ್ಯಾಡಿ ವಿಷಯಕ್ಕೆ: ಅವರ ಕಣ್ಣಿಗೆ ಕಾಣುವುದು ನಿಜ, ಚೆಂಡಿನ ನೆತ್ತಿಗೆ ಹೊಡೆದಾಗ ತಲೆ ಎದ್ದಂತೆ ಕಾಣುತ್ತದೆ. ಆದರೆ ತಲೆ ಬಿಗಿಹಿಡಿದರೆ ಎದೆ ನಿಂತುಬಿಡುತ್ತದೆ, ಎದೆ ನಿಂತರೆ ತೋಳು ಮಡಚಿಕೊಳ್ಳುತ್ತದೆ. ಚೆಂಡು ಹೋದ ಮೇಲೆ ತಲೆ ಎದೆಯ ಜೊತೆ ತಿರುಗಲಿ. ಸ್ವೀಡನ್ನಿನ ಆಟಗಾರ್ತಿ ಆನಿಕಾ ಸೊರೆನ್‌ಸ್ಟಾಮ್ ಚೆಂಡು ತಾಗುವ ಹೊತ್ತಿಗೇ ಮುಂದೆ ನೋಡುತ್ತಿದ್ದಳು.

ಜರ್ಸಿ_ಕನ್ನಡಿಗ

ದೂರ ಅಳೆಯುವಾಗ ಒಂದು ಮಾತು ನೆನಪಿರಲಿ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್‌ಗಿಂತ ಎತ್ತರದಲ್ಲಿದೆ, ಗಾಳಿ ತೆಳು, ಚೆಂಡು ಚೆನ್ನೈ ಮಂಗಳೂರಿಗಿಂತ ಮೂರು ನಾಲ್ಕು ಶೇಕಡಾ ಜಾಸ್ತಿ ಹೋಗುತ್ತದೆ. ಇಲ್ಲಿ ನ್ಯೂಜೆರ್ಸಿಯಲ್ಲಿ ಮಾರ್ಚ್ ಚಳಿಯಲ್ಲಿ ಹೊಡೆದರೆ ಅದೇ ಬೀಸಿಗೆ ಹತ್ತು ಯಾರ್ಡ್ ಕಡಿಮೆ. ರೇಂಜ್ ಚೆಂಡುಗಳು ಸವೆದಿರುತ್ತವೆ, ಅವುಗಳ ದೂರ ನಂಬಬೇಡಿ. ಮಳೆಗಾಲದಲ್ಲಿ ಫೇರ್‌ವೇ ಮೆತ್ತಗಾಗಿ ಚೆಂಡು ಬಿದ್ದಲ್ಲೇ ಕೂರುತ್ತದೆ. ಅದಕ್ಕೇ ಹೋಲಿಸುವುದಾದರೆ ಕ್ಲಬ್ ವೇಗ, ಚೆಂಡಿನ ವೇಗ ಎರಡನ್ನೇ ಹೋಲಿಸಿ.

ಹಲಸೂರು_ಆಲ್‌ರೌಂಡರ್

ಸರಿ, ಹೀಗೆ ಮಾಡುತ್ತೇನೆ. ಈಗಲೇ ಲಾಫ್ಟ್ ಏರಿಸಿ, ಹಿಡಿ ಇಳಿಸಿ, ಚುಕ್ಕೆ ಮಧ್ಯಕ್ಕೆ ಬರುವ ತನಕ ಅದೇ ಕೆಲಸ. ಜೊತೆಗೆ ಫಿಸಿಯೋ ಹೇಳಿದ ಕಾಲಿನ ವ್ಯಾಯಾಮ, ಎದೆ ತಿರುಗಿಸೋದು. ಮೈ ಒಪ್ಪಿದ ಮೇಲೆ ಜೋರು ಬೀಸುವ ಅಭ್ಯಾಸ. ಒಂದು ಕೇಳುವುದಿತ್ತು, ನಮ್ಮ ಟೀ ಟೈಮ್ ಹೆಚ್ಚಾಗಿ ಬೆಳಿಗ್ಗೆ ಆರೂವರೆ. ಕಾರಿನಿಂದ ಇಳಿದು ನೇರ ಮೊದಲ ಟೀಗೆ ಹೋಗುತ್ತೇವೆ. ಅಷ್ಟು ಹೊತ್ತಿಗೆ ಏನು ಮಾಡಬಹುದು?

ಫಿಸಿಯೋ_ಶಿವಮೊಗ್ಗ

ಹತ್ತು ನಿಮಿಷ ಮುಂಚೆ ಬನ್ನಿ ಸಾಕು. ಬಗ್ಗಿ ಕಾಲ್ಬೆರಳು ಮುಟ್ಟಿ ಹಿಡಿದು ನಿಲ್ಲುವ ಸ್ಟ್ರೆಚ್ ಆ ಹೊತ್ತಿಗೆ ಬೇಡ, ಆಡುವ ಮುಂಚೆ ಅದರಿಂದ ಚುರುಕು ಕಡಿಮೆಯಾಗಬಹುದು. ಪಾರ್ಕಿಂಗ್‌ನಿಂದ ಬಿರುಸಾಗಿ ನಡೆಯಿರಿ, ಕ್ಲಬ್ ಹಿಡಿದುಕೊಂಡು ಕಾಲು ಹಿಂದೆ ಮುಂದೆ ಬೀಸಿ, ಅರ್ಧ ಸ್ಕ್ವಾಟ್, ಕ್ಲಬ್ಬನ್ನು ಭುಜದ ಮೇಲೆ ಅಡ್ಡ ಇಟ್ಟು ಎರಡೂ ಕಡೆ ತಿರುಗುವುದು. ಆಮೇಲೆ ನಿಧಾನ, ಮಧ್ಯಮ, ಜೋರು ಅಂತ ಏರಿಸುತ್ತಾ ಖಾಲಿ ಬೀಸು, ಎಡಗೈ ಕಡೆಯಿಂದಲೂ ಕೆಲವು. ಎಡಕ್ಕೆ ಎದೆ ಅರ್ಧವೂ ತಿರುಗುತ್ತಿಲ್ಲ ಅಂದಿರಲ್ಲ, ಅದನ್ನು ಒಮ್ಮೆ ಹತ್ತಿರದ ಫಿಸಿಯೋ ಹತ್ತಿರ ತೋರಿಸಿ. ಮಂಡಿಯನ್ನೂ ಅವತ್ತೇ ನೋಡಿಸಿಬಿಡಿ, ಮೆಡಿಸಿನ್ ಬಾಲ್ ಎಸೆತ ಅದಾದ ಮೇಲೆ ಶುರು ಮಾಡಿ.